ಪಂಡಿತಾ ರಮಾಬಾಯಿಯವರೂ ಅಚ್ಚಿನ ಮೊಳೆಗಳೂ

ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರಲ್ಲಿ ಅನೇಕರು ಆಗಾಗ್ಗೆ ನಮಗೆ ಪತ್ರ ಬರೆಯುವದುಂಟು. ಹರುಷದ ವರ್ತಮಾನಗಳು ಬರುವಂತೆಯೇ ದುಃಖದ ವರ್ತಮಾನಗಳೂ ಬರುವವು. ಒಬ್ಬಳ ಗಂಡನು ಎಳೆಯ ಪ್ರಾಯದಲ್ಲಿಯೇ ತೀರಿಕೊಂಡಿರುವನು. ಒಬ್ಬಳ ಮಗುವು ಬದುಕಲಿಲ್ಲ. ಮತ್ತೊಬ್ಬಳು ದೀರ್ಘ ಬೇನೆಯಿಂದ ಹಾಸಿಗೆ ಹಿಡಿದಿರುವಳು. ಇಂಥ ಪತ್ರಗಳಲ್ಲಿ ಕಡೆಗೆ ಒಂದೇ ಪ್ರಶ್ನೆ ಇರುವದು: ದೇವರು ನಮ್ಮನ್ನು ಪ್ರೀತಿಸುವನೆಂದು ಶಾಲೆಯಲ್ಲಿ ಕಲಿತೆವು, ಹಾಗಾದರೆ ಇದು ಯಾಕೆ? ಈ ಪ್ರಶ್ನೆಗೆ ಸುಲಭವಾದ ಉತ್ತರವು ನಮ್ಮ ಬಳಿಯಲ್ಲಿ ಇಲ್ಲ. ಆದುದರಿಂದ ಉತ್ತರಕ್ಕೆ ಬದಲಾಗಿ, ಇದೇ ಪ್ರಶ್ನೆಯನ್ನು ಜೀವಮಾನವೆಲ್ಲಾ ಹೊತ್ತುಕೊಂಡು ನಡೆದ ಒಬ್ಬ ಮಹನೀಯಳ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯಲ್ಲಿ ಹೇಳಬೇಕೆಂದು ಇಚ್ಛಿಸಿದೆವು. ಅವರೇ ಪಂಡಿತಾ ರಮಾಬಾಯಿಯವರು. ಅವರ ಹೆಸರು ಮಹಾರಾಷ್ಟ್ರದೊಂದಿಗೆ ಸೇರಿಹೋಗಿದ್ದರೂ ಅವರು ಹುಟ್ಟಿದ್ದು ನಮ್ಮ ಕನ್ನಡ ನೆಲದಲ್ಲಿಯೇ ಎಂಬದನ್ನು ನಮ್ಮವರಲ್ಲಿ ಕೆಲವರು ಮಾತ್ರ ಬಲ್ಲರು.

ಪಶ್ಚಿಮ ಘಟ್ಟದಲ್ಲಿ, ತುಂಗಾ ಭದ್ರಾ ನದಿಗಳು ಹುಟ್ಟುವ ಸೀಮೆಯಲ್ಲಿ, ಗಂಗಾಮೂಲವೆಂಬ ಅರಣ್ಯಪ್ರದೇಶವಿದೆ. ಅಲ್ಲಿ 1858ನೆಯ ಇಸವಿಯ ಏಪ್ರಿಲ್ 23ರಂದು ರಮಾಬಾಯಿಯವರು ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ದೊಡ್ಡ ಸಂಸ್ಕೃತ ಪಂಡಿತರು. ಹೆಂಗಸರಿಗೂ ಸಂಸ್ಕೃತವನ್ನು ಕಲಿಸಬಹುದೆಂದು ಅವರ ದೃಢವಾದ ಅಭಿಪ್ರಾಯವಿದ್ದಿತು. ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ತಮ್ಮ ಹೆಂಡತಿ ಲಕ್ಷ್ಮೀಬಾಯಿಯವರಿಗೆ ವಿದ್ಯೆ ಕಲಿಸಿದ್ದಕ್ಕಾಗಿ ಸ್ವಜನರ ವಿರೋಧವನ್ನು ಎದುರಿಸಿ, ಅವರು ಕಾಡಿನ ಮಧ್ಯದಲ್ಲಿ ಮನೆ ಮಾಡಿಕೊಂಡು ಶಿಷ್ಯರಿಗೆ ಪಾಠ ಹೇಳುತ್ತಾ ಇದ್ದರು. ರಮಾಬಾಯಿಯವರಿಗೆ ಸುಮಾರು ಆರು ತಿಂಗಳಾದಾಗ ಕುಟುಂಬವು ಆ ಮನೆಯನ್ನು ಬಿಟ್ಟು ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಇಟ್ಟು ಬೆಟ್ಟದಿಂದ ಇಳಿಸಿದರು. ಅಂದಿನಿಂದ ಮುಂದೆ ಅನೇಕ ವರುಷ ಅವರಿಗೆ ನೆಲೆಯಾದ ಮನೆಯೆಂಬದು ಇರಲಿಲ್ಲ. ತೀರ್ಥದಿಂದ ತೀರ್ಥಕ್ಕೆ ನಡೆಯುತ್ತಾ, ಗುಡಿಗಳಲ್ಲಿ ಪುರಾಣ ಓದಿ ಬಂದ ಕಾಣಿಕೆಯಿಂದ ಜೀವಿಸುತ್ತಾ ದೇಶವನ್ನೆಲ್ಲಾ ಸುತ್ತಿದರು. ಬಾಲಿಕೆಯು ತಾಯಿಯ ಬಾಯಿಂದಲೇ ಸಾವಿರಾರು ಶ್ಲೋಕಗಳನ್ನು ಕಲಿತಳು.

1870ರ ದಶಕದ ಕ್ಷಾಮವು ದಕ್ಷಿಣ ದೇಶವನ್ನು ಮುಟ್ಟಿದಾಗ ಈ ಪಂಡಿತ ಕುಟುಂಬವು ಬಹು ದಾರುಣವಾದ ಸ್ಥಿತಿಗೆ ಬಂದಿತು. ಇದ್ದ ಹಣವು ತೀರಿತು. ಬಂಗಾರ, ಪಾತ್ರೆ, ಬಟ್ಟೆಗಳು ಮಾರಿಹೋದವು. ತಂದೆಗೆ ವೃದ್ಧಾಪ್ಯ, ಕಣ್ಣುಗಳೂ ಮಂಜಾಗಿದ್ದವು. ಕಡೆಗೆ ಕಾಡಿನ ಎಲೆಗಳನ್ನು ತಿಂದು ದಿನ ಕಳೆದರು. ಇಲ್ಲಿ ನಾವು ಒಂದು ಸಂಗತಿಯನ್ನು ಗಮನಿಸಬೇಕು. ಆ ಮನೆಯಲ್ಲಿ ವಿದ್ಯೆಗೆ ಕೊರತೆ ಇರಲಿಲ್ಲ. ಭಕ್ತಿಗೂ ಕೊರತೆ ಇರಲಿಲ್ಲ. ಆದರೆ ಹೊಟ್ಟೆ ಹೊರೆಯುವ ಕೈಕೆಲಸವೊಂದೂ ಯಾರಿಗೂ ತಿಳಿದಿರಲಿಲ್ಲ. ಕೂಲಿ ಮಾಡುವದು ಕುಲಕ್ಕೆ ಕುಂದೆಂದು ಮೊದಲು ತಿಳಿದರು, ಮಾಡಬೇಕೆಂದಾಗ ಮೈಯಲ್ಲಿ ಬಲವಿರಲಿಲ್ಲ. ತಂದೆ, ತಾಯಿ, ಅಕ್ಕ, ಈ ಮೂವರೂ ಕೆಲವೇ ತಿಂಗಳುಗಳಲ್ಲಿ ಒಬ್ಬರಾದ ಮೇಲೊಬ್ಬರು ತೀರಿಕೊಂಡರು. ಇನ್ನೂ ಇಪ್ಪತ್ತು ತುಂಬದ ರಮಾಬಾಯಿಯವರೂ ಅಣ್ಣ ಶ್ರೀನಿವಾಸನೂ ಮಾತ್ರ ಉಳಿದರು. ಮುಂದೆ ಸಾವಿರಾರು ಹೆಣ್ಣುಮಕ್ಕಳ ಕೈಗೆ ಒಂದೊಂದು ಕಸುಬನ್ನು ಕೊಟ್ಟ ರಮಾಬಾಯಿಯವರ ಮನಸ್ಸಿನಲ್ಲಿ ಈ ಹಸಿವಿನ ದಿನಗಳ ನೆನಪು ಎಂದಿಗೂ ಅಳಿಯಲಿಲ್ಲ.

ಅಣ್ಣತಂಗಿಯರು ಸಾವಿರಾರು ಮೈಲು ಕಾಲ್ನಡೆಯಾಗಿ ಸಂಚರಿಸಿ 1878ರಲ್ಲಿ ಕಲಕತ್ತೆಯನ್ನು ಮುಟ್ಟಿದರು. ಅಲ್ಲಿಯ ಪಂಡಿತರು ಈ ತರುಣಿಯ ಸಂಸ್ಕೃತ ಜ್ಞಾನವನ್ನು ಪರೀಕ್ಷಿಸಿ ಬೆರಗಾಗಿ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದುಗಳನ್ನು ಕೊಟ್ಟರು. ದೇಶದಲ್ಲೆಲ್ಲಾ ಹೆಸರು ಹಬ್ಬಿತು. ಆದರೆ 1880ರಲ್ಲಿ ಅಣ್ಣನು ಮೃತನಾದನು. ಅದೇ ವರುಷ ಅವರು ಬಿಪಿನ ಬಿಹಾರಿ ಎಂಬ ಬಂಗಾಲಿ ವಕೀಲರನ್ನು, ಜಾತಿಭೇದವನ್ನು ಎಣಿಸದೆ, ವಿವಾಹವಾದರು. 1881ರಲ್ಲಿ ಮನೋರಮೆ ಎಂಬ ಮಗಳು ಹುಟ್ಟಿದಳು. 1882ರ ಫೆಬ್ರುವರಿಯಲ್ಲಿ ಪತಿಯು ವಾಂತಿಭೇದಿಯಿಂದ ತೀರಿಹೋದರು. ಇಪ್ಪತ್ತನಾಲ್ಕು ವರುಷ ತುಂಬುವದಕ್ಕೆ ಮುಂಚೆಯೇ ರಮಾಬಾಯಿಯವರು ತಂದೆತಾಯಿಗಳಿಲ್ಲದವರೂ ಒಡಹುಟ್ಟಿದವರಿಲ್ಲದವರೂ ವಿಧವೆಯೂ ಆದರು; ಕಂಕುಳಲ್ಲಿ ಹತ್ತು ತಿಂಗಳ ಕೂಸು.

ಇಷ್ಟು ಓದಿದ ಮೇಲೆ ಯಾರಾದರೂ, ಇದರಲ್ಲಿ ದೇವರ ಹಸ್ತವು ಎಲ್ಲಿದೆ ಎಂದು ಕೇಳಿದರೆ, ಆ ಪ್ರಶ್ನೆಯನ್ನು ಅವಿಶ್ವಾಸವೆಂದು ನಾವು ಗದರಿಸಲಾರೆವು. ಆ ವೇಳೆಯಲ್ಲಿ ಸ್ವತಃ ರಮಾಬಾಯಿಯವರಿಗೂ ಅದು ಕಾಣಲಿಲ್ಲ. ಹಳೆಯ ನಂಬಿಕೆಗಳು ಸಡಿಲಿದ್ದವು. ಹೊಸದು ಇನ್ನೂ ನೆಲೆಗೊಂಡಿರಲಿಲ್ಲ. ಆದರೆ ಅವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಕೂಸನ್ನೆತ್ತಿಕೊಂಡು ಪುಣೆಗೆ ಬಂದು 1882ರಲ್ಲಿಯೇ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸರಕಾರವು ನೇಮಿಸಿದ ಹಂಟರ್ ವಿದ್ಯಾ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷಿ ನುಡಿದರು. ತಾವೇ ವೈದ್ಯವನ್ನು ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ವಾಂಟೇಜ ಎಂಬ ಊರಿನ ಸಹೋದರಿಯರ ಮಠದಲ್ಲಿ ಇದ್ದುಕೊಂಡು, ಬಿದ್ದುಹೋದ ಸ್ತ್ರೀಯರನ್ನು ಆ ಸಹೋದರಿಯರು ತಿರಸ್ಕರಿಸದೆ ಎತ್ತಿ ಸಂತೈಸುವದನ್ನು ಕಂಡು ಮನಸ್ಸು ಕರಗಿ, ಅದೇ ವರುಷ ಸಪ್ಟೆಂಬರ 29ರಂದು ಮಗಳೊಂದಿಗೆ ದೀಕ್ಷಾಸ್ನಾನವನ್ನು ಹೊಂದಿದರು. ಆದರೆ ವೈದ್ಯವಿದ್ಯೆಯ ಆಸೆಯು ಕೈಗೂಡಲಿಲ್ಲ. ಕಿವಿ ದಿನೇ ದಿನೇ ಮಂದವಾಗುತ್ತಾ ಬಂದುದರಿಂದ ಆ ಬಾಗಿಲು ಮುಚ್ಚಿತು. ಅವರು ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತವನ್ನು ಕಲಿಸುತ್ತಾ, ತಾವೂ ಕಲಿಯುತ್ತಾ ಕೆಲವು ವರುಷ ಕಳೆದರು. ಕಿವಿ ಕೇಳದವಳು ವೈದ್ಯಳಾಗಲಾರಳು. ಆದರೆ ಪುಸ್ತಕದೊಂದಿಗೆ ಕುಳಿತುಕೊಳ್ಳುವದಕ್ಕೆ ಕಿವಿಯ ಅವಶ್ಯವಿಲ್ಲ. ಇದರ ಅರ್ಥವು ಇನ್ನೂ ಇಪ್ಪತ್ತು ವರುಷಗಳ ತರುವಾಯ ತಿಳಿಯಬೇಕಾಗಿತ್ತು.

1886ರಲ್ಲಿ ಅವರು ಅಮೇರಿಕಕ್ಕೆ ಹೋಗಿ ಬಾಲಶಿಕ್ಷಣದ ಕ್ರಮವನ್ನು ಕಲಿತು, ನಮ್ಮ ದೇಶದ ಬಾಲವಿಧವೆಯರ ಸ್ಥಿತಿಯನ್ನು ಊರೂರಿನಲ್ಲಿ ವಿವರಿಸಿ ಹೇಳಿದರು. ಅದರ ಫಲವಾಗಿ 1887ರಲ್ಲಿ ಬೋಸ್ಟನ್ ನಗರದಲ್ಲಿ ರಮಾಬಾಯಿ ಸಂಘವು ಏರ್ಪಟ್ಟು ಹತ್ತು ವರುಷ ಸಹಾಯ ಮಾಡಲು ಒಪ್ಪಿತು. 1889ರ ಮಾರ್ಚ 11ರಂದು ಮುಂಬಯಿಯಲ್ಲಿ ಶಾರದಾ ಸದನವು ತೆರೆಯಿತು. ಮರುವರುಷ ಅದು ಪುಣೆಗೆ ಬಂದಿತು. 1893ರಲ್ಲಿ, ಹುಡುಗಿಯರು ಕ್ರೈಸ್ತರಾಗುವರೆಂಬ ಭಯವು ಪುಣೆಯಲ್ಲಿ ಹಬ್ಬಿ, ಸಲಹಾಮಂಡಳಿಯ ಸದ್ಗೃಹಸ್ಥರು ರಾಜೀನಾಮೆ ಕೊಟ್ಟರು. ಅನೇಕ ಪಾಲಕರು ತಮ್ಮ ಮಕ್ಕಳನ್ನು ಕರೆದುಕೊಂಡು ಹೋದರು. ಎರಡೂ ಪಕ್ಷದವರ ಮನಸ್ಸು ನೊಂದ ಕಾಲವದು. ತಮ್ಮ ಮಗಳ ವಿಷಯವಾಗಿ ಚಿಂತಿಸುವ ಪಾಲಕರ ಭಯವನ್ನು ಒಂದು ಶಾಲೆಯ ಹೊಣೆ ಹೊತ್ತ ನಾವು ಹಗುರವಾಗಿ ನೋಡಲಾರೆವು. ಬರಿದಾದ ತರಗತಿಯಲ್ಲಿ ನಿಂತ ಶಿಕ್ಷಕಿಯ ಮನಸ್ಸೂ ನಮಗೆ ತಿಳಿಯುವದು. ರಮಾಬಾಯಿಯವರು ಉಳಿದವರನ್ನಿಟ್ಟುಕೊಂಡು ಪಾಠವನ್ನು ಮುಂದುವರಿಸಿದರು.

1896ರ ಕೊನೆಗೆ ಮಧ್ಯಪ್ರಾಂತದಲ್ಲಿ ಭಯಂಕರವಾದ ಬರ ಬಿದ್ದಿತು. ಎಲೆ ತಿಂದು ಬದುಕಿದ ಆ ಹಳೆಯ ದಿನಗಳು ಅವರಿಗೆ ನೆನಪಾದವು. ಅವರು ತಾವೇ ಹೊರಟುಹೋಗಿ, ಹಾದಿಬದಿಯಲ್ಲಿ ಬಿದ್ದಿದ್ದ ಎಲುಬುಗೂಡಿನಂಥ ಬಾಲಿಕೆಯರನ್ನೂ ವಿಧವೆಯರನ್ನೂ ಕರೆತಂದರು. ಕೆಲವೇ ತಿಂಗಳುಗಳಲ್ಲಿ ಸುಮಾರು 300 ಮಂದಿ ಆದರು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧಗಳಿದ್ದುದರಿಂದ ಅವರನ್ನು ಊರೊಳಗೆ ಇಟ್ಟುಕೊಳ್ಳುವಂತಿರಲಿಲ್ಲ. ಸೋಲಾಪುರದ ರೇಲ್ವೆ ಮಾರ್ಗದಲ್ಲಿ ಕೇಡಗಾವ ಎಂಬ ಹಳ್ಳಿಯ ಬಳಿ ಮೊದಲೇ ಕೊಂಡಿದ್ದ ಹೊಲವಿತ್ತು. ಅಲ್ಲಿಗೆ ಎಲ್ಲರನ್ನೂ ಕರೆದುಕೊಂಡು ಹೋದರು. ಹೀಗೆ 1898ರಲ್ಲಿ ಮುಕ್ತಿ ಸದನವು ಸ್ಥಾಪಿತವಾಯಿತು. 1900ರ ಗುಜರಾಥದ ಬರದ ತರುವಾಯ ಅಲ್ಲಿಯ ಸಂಖ್ಯೆಯು 2,000ದ ಹತ್ತಿರಕ್ಕೆ ಏರಿತು.

ಇಷ್ಟು ಜನರಿಗೆ ಪ್ರತಿದಿನವೂ ಅನ್ನ ಬೇಕು. ಬೋಸ್ಟನ್ ಸಂಘದವರ ಹತ್ತು ವರುಷದ ಮಾತೂ ಮುಗಿದಿತ್ತು. ಬ್ರಿಸ್ಟಲಿನಲ್ಲಿ ಅನಾಥರನ್ನು ಸಾಕಿದ ಜಾರ್ಜ ಮುಲ್ಲರರ ಚರಿತ್ರೆಯನ್ನು ಓದಿದ್ದ ರಮಾಬಾಯಿಯವರು ದೇವರೇ ಒದಗಿಸುವನೆಂದು ನಂಬಿ ಪ್ರಾರ್ಥಿಸಿದರು. ಆದರೆ ಆ ನಂಬಿಕೆಯು ಸೋಮಾರಿಯಾದ ನಂಬಿಕೆಯಾಗಿರಲಿಲ್ಲ. ಬಾವಿಗಳನ್ನು ತೋಡಿಸಿದರು, ಹೊಲ ತೋಟಗಳನ್ನು ಮಾಡಿಸಿದರು, ನೇಯುವದು, ಹೊಲಿಯುವದು, ಎಣ್ಣೆ ತೆಗೆಯುವದು, ಹೈನು ಮಾಡುವದು, ಬಟ್ಟೆ ಒಗೆಯುವದು ಮುಂತಾದ ಕೆಲಸಗಳಲ್ಲಿ ಯಾವದಾದರೂ ಒಂದನ್ನು ಪ್ರತಿಯೊಬ್ಬಳಿಗೂ ಕಲಿಸಿದರು. ಕಣ್ಣಿಲ್ಲದವರಿಗೆ ಮನೋರಮಾಬಾಯಿಯವರು ಬ್ರೇಲ್ ಲಿಪಿಯನ್ನು ಕಲಿಸಿದರು. ಈ ಎಲ್ಲಾ ಕಸುಬುಗಳೊಳಗೆ ಅಚ್ಚುಕೂಟದ ಕೆಲಸವೂ ಒಂದಾಗಿತ್ತು. ನಾವು ಹೇಳಬೇಕೆಂದಿರುವದು ವಿಶೇಷವಾಗಿ ಇದರ ವಿಷಯವೇ.

ಈಗ ಕೈಯಿಂದ ಮೊಳೆ ಜೋಡಿಸುವ ಅಚ್ಚುಕೂಟಗಳು ಬಹುಮಟ್ಟಿಗೆ ಇಲ್ಲವಾಗಿರುವದರಿಂದ ನಮ್ಮ ಕಿರಿಯ ಓದುಗರಿಗಾಗಿ ಆ ಕೆಲಸವನ್ನು ಸ್ವಲ್ಪ ವಿವರಿಸುವೆವು. ಸೀಸವು ಬೆರೆತ ಲೋಹದಿಂದ ಎರಕ ಹೊಯ್ದ ಒಂದೊಂದು ಅಕ್ಷರಕ್ಕೆ ಮೊಳೆಯೆಂದು ಹೆಸರು. ಮೊಳೆಗಳನ್ನು ಸಣ್ಣ ಸಣ್ಣ ಗೂಡುಗಳುಳ್ಳ ಮರದ ಕೇಸಿನಲ್ಲಿ ತುಂಬಿಟ್ಟಿರುವರು. ಜೋಡಿಸುವವಳು ಸ್ಟಿಕ್ಕೆಂಬ ಚಿಕ್ಕ ಲೋಹದ ತಟ್ಟೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಒಂದೊಂದೇ ಮೊಳೆಯನ್ನು ಹೆಕ್ಕಿ ಸಾಲಾಗಿ ನಿಲ್ಲಿಸುವಳು. ನಮ್ಮ ಕನ್ನಡದಂತೆಯೇ ಮರಾಠಿಯ ಬಾಳಬೋಧ ಲಿಪಿಯಲ್ಲಿಯೂ ಕಾಗುಣಿತ, ಒತ್ತಕ್ಷರಗಳು ಬಹಳವಾದುದರಿಂದ ಗೂಡುಗಳೂ ಬಹಳ; ಅವುಗಳ ಸ್ಥಾನವು ಕೈಗೆ ಬಾಯಿಪಾಠವಾಗಬೇಕು. ಇದರಲ್ಲಿ ಮುಖ್ಯವಾದ ಸಂಗತಿಯೇನಂದರೆ, ಮೊಳೆಯ ಮುಖದಲ್ಲಿರುವ ಅಕ್ಷರವು ಕನ್ನಡಿಯಲ್ಲಿ ಕಂಡಂತೆ ತಿರುಗಿರುವದು. ಸಾಲೂ ತಲೆಕೆಳಗಾಗಿ ನಿಲ್ಲುವದು. ಹೊಸದಾಗಿ ನೋಡುವವರಿಗೆ ಅದರಲ್ಲಿ ಅರ್ಥವೇ ಕಾಣದು. ಮಸಿ ಹಚ್ಚಿ, ಕಾಗದವನ್ನಿಟ್ಟು ಒತ್ತಿದ ಮೇಲೆಯೇ ಅದು ಸರಿಯಾದ ಮಾತಾಗಿ ಓದಲು ಬರುವದು.

ಇನ್ನೊಂದು ಸಂಗತಿಯೂ ಇದೆ. ಪದಪದಗಳ ನಡುವೆ ಅಕ್ಷರವಿಲ್ಲದ ಬೋಳು ಮೊಳೆಗಳನ್ನು ಇಡುವರು. ಅವು ಗಿಡ್ಡವಾದುದರಿಂದ ಮಸಿಯು ಅವಕ್ಕೆ ತಗಲದು. ಕಾಗದದ ಮೇಲೆ ಅವುಗಳ ಗುರುತೇ ಇರದು. ಆದರೆ ಅವನ್ನು ತೆಗೆದರೆ ಪದಗಳು ಒಂದರೊಳಗೊಂದು ಸೇರಿ ಓದು ಕೆಡುವದು. ಪುಟವೆಲ್ಲಾ ಜೋಡಿಸಿದ ಮೇಲೆ ಅದನ್ನು ಕಬ್ಬಿಣದ ಚೌಕಟ್ಟಿನಲ್ಲಿಟ್ಟು ಸುತ್ತಲೂ ಬೆಣೆ ಹೊಡೆದು ಬಿಗಿಯುವರು. ಬಿಗಿತವು ಕಡಿಮೆಯಾದರೆ ಎತ್ತಿದ ಕೂಡಲೆ ಸಾವಿರಾರು ಮೊಳೆಗಳು ಚೆಲ್ಲಾಪಿಲ್ಲಿಯಾಗಿ ನೆಲಕ್ಕೆ ಬೀಳುವವು.

ಬರದ ಊರುಗಳಿಂದ ಬಂದ, ಅಕ್ಷರವನ್ನೇ ಅರಿಯದಿದ್ದ ಹುಡುಗಿಯರು ಮುಕ್ತಿಯಲ್ಲಿ ಮೊದಲು ಓದು ಕಲಿತು, ಅನಂತರ ಈ ಕೆಲಸವನ್ನು ಕಲಿತರು. ಜೋಡಿಸುವವರು, ಯಂತ್ರ ನಡಿಸುವವರು, ಮಡಿಸಿ ಹೊಲಿಯುವವರು ಎಲ್ಲರೂ ಹೆಂಗಸರೇ. ಅವರ ಕೈಗೆ ರಮಾಬಾಯಿಯವರು ಕೊಟ್ಟ ದೊಡ್ಡ ಕೆಲಸವು ಸತ್ಯವೇದವೇ ಆಗಿತ್ತು. ಆಗ ರೂಢಿಯಲ್ಲಿದ್ದ ಮರಾಠಿ ಸತ್ಯವೇದದ ಭಾಷೆಯು ಹಳ್ಳಿಯ ಬಡ ಹೆಂಗಸಿಗೆ ಕಠಿಣವೆಂದು ಕಂಡು, ಅವಳಿಗೆ ತಿಳಿಯುವ ಮಾತಿನಲ್ಲಿ ಅದನ್ನು ಹೊಸದಾಗಿ ಭಾಷಾಂತರಿಸಬೇಕೆಂದು ಅವರು ನಿಶ್ಚಯಿಸಿದರು. ಇದಕ್ಕಾಗಿ ನಡು ವಯಸ್ಸಿನಲ್ಲಿ ಹೀಬ್ರೂ, ಗ್ರೀಕ ಭಾಷೆಗಳನ್ನು ಅಭ್ಯಾಸ ಮಾಡಿದರು. ಇಪ್ಪತ್ತನೆಯ ಶತಮಾನದ ಮೊದಲ ವರುಷಗಳಲ್ಲಿ ಕೈಹಚ್ಚಿದ ಈ ಕೆಲಸವನ್ನು ಮರಣದವರೆಗೆ ಬಿಡಲಿಲ್ಲ. ಇಡೀ ಸತ್ಯವೇದವನ್ನು ಒಬ್ಬ ಸ್ತ್ರೀಯು ಮೂಲಭಾಷೆಗಳನ್ನು ನೋಡಿ ಭಾಷಾಂತರಿಸಿ, ಸ್ತ್ರೀಯರ ಕೈಯಿಂದಲೇ ಅಚ್ಚು ಮಾಡಿಸಿದ್ದು ಲೋಕದಲ್ಲಿ ಬಹು ಅಪೂರ್ವವಾದ ಸಂಗತಿ.

ಈಗ ಹಿಂದಕ್ಕೆ ತಿರುಗಿ ನೋಡುವಾ. ತಾಯಿಯ ಬಾಯಿಂದ ಕಾಡುಮೇಡಿನಲ್ಲಿ ಕಲಿತ ಸಂಸ್ಕೃತವು ಅವರಿಗೆ ಭಾಷೆಗಳ ವ್ಯಾಕರಣವನ್ನು ಸುಲಭ ಮಾಡಿತು. ಮನೆಯಿಲ್ಲದ ಅಲೆದಾಟವು ಸಾಮಾನ್ಯ ಜನರ ಮಾತನ್ನು ಕಲಿಸಿತು. ಹಸಿವು, ಹಸಿದವರ ಬಳಿಗೆ ಕಳುಹಿಸಿತು. ವೈಧವ್ಯವು ವಿಧವೆಯರ ತಾಯಿಯನ್ನಾಗಿ ಮಾಡಿತು. ಕಿವುಡುತನವು ವೈದ್ಯಶಾಲೆಯ ಬಾಗಿಲನ್ನು ಮುಚ್ಚಿ ಪುಸ್ತಕದ ಮುಂದೆ ಕೂಡ್ರಿಸಿತು. ಒಂದೊಂದಾಗಿ ನೋಡಿದರೆ ಇವೆಲ್ಲಾ ತಿರುಗಿದ ಮೊಳೆಗಳೇ. ಇವುಗಳಲ್ಲಿ ಯಾವದೂ ತನ್ನಷ್ಟಕ್ಕೆ ಒಳ್ಳೆಯದಾಗಿರಲಿಲ್ಲ. ಹಸಿವು ಹಸಿವೇ, ಮರಣವು ಮರಣವೇ. ಆದರೆ ಜೋಡಿಸುವ ಹಸ್ತವೊಂದು ಇದ್ದಿತೆಂದು ನಾವು ನಂಬುವೆವು. ಗುರುತೇ ಉಳಿಯದ ಬರಿದಾದ ವರುಷಗಳೂ ಆ ಬೋಳು ಮೊಳೆಗಳಂತೆ ಸಾಲಿನೊಳಗೆ ಬೇಕಾಗಿದ್ದವು. ಎಲ್ಲಾ ಕಡೆಯಿಂದ ಒತ್ತಿದ ಇಕ್ಕಟ್ಟೂ ಚೌಕಟ್ಟಿನ ಬೆಣೆಯಂತೆ ಅವರನ್ನು ಚೆದರಗೊಡಲಿಲ್ಲ.

ಹೀಗೆ ಹೇಳಿ ಇಲ್ಲಿಗೇ ಮುಗಿಸಿದರೆ ಅದು ಸುಲಭವಾದ ಮಾತಾಗುವದು; ಯಾಕಂದರೆ ಅತಿ ಕಠಿಣವಾದ ಸಂಗತಿಯು ಇನ್ನೂ ಉಳಿದಿದೆ. ಮಗಳು ಮನೋರಮಾಬಾಯಿಯವರು ಬಿ. ಎ. ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ತಾಯಿಗೆ ಬಲಗೈಯಾಗಿದ್ದರು. ನಮ್ಮ ಕನ್ನಡಿಗರು ಅವರನ್ನು ವಿಶೇಷ ಕೃತಜ್ಞತೆಯಿಂದ ನೆನೆಯಬೇಕು. ಇಂದು ಕಲಬುರಗಿ ಎಂದು ಕರೆಯುವ, ಆಗ ನಿಜಾಮರ ಸೀಮೆಗೆ ಸೇರಿದ್ದ ಗುಲಬರ್ಗೆಯಲ್ಲಿ, 1912ರಲ್ಲಿ ತಾಯಿ ಮಗಳು ಕೂಡಿ ಒಂದು ಶಾಲೆಯನ್ನು ತೆರೆದರು. ಮನೋರಮಾಬಾಯಿಯವರೇ ಅದರ ಮುಖ್ಯಾಧ್ಯಾಪಿಕೆಯಾದರು. ಘಟ್ಟದಿಂದ ಬೆತ್ತದ ಪೆಟ್ಟಿಗೆಯಲ್ಲಿ ಇಳಿದುಹೋದ ಕೂಸಿನ ಮನೆತನವು ಹೀಗೆ ಕನ್ನಡ ನಾಡಿಗೆ ವಿದ್ಯೆಯನ್ನು ತಿರಿಗಿ ತಂದಿತು. ತನ್ನ ತರುವಾಯ ಕೆಲಸವನ್ನೆಲ್ಲಾ ಈ ಮಗಳೇ ನಡಿಸುವಳೆಂದು ತಾಯಿಯು ಎಣಿಸಿದ್ದರು. ಆದರೆ 1921ರ ಜುಲೈ 24ರಂದು, ನಾಲ್ವತ್ತನೆಯ ವಯಸ್ಸಿನಲ್ಲಿ, ಮನೋರಮಾಬಾಯಿಯವರು ತೀರಿಕೊಂಡರು.

ಈ ಮೊಳೆಯು ಯಾವ ಸಾಲಿಗೆ ಸೇರಿತು? ಇದರಿಂದ ಯಾವ ಮಾತು ಆಯಿತು? ರಮಾಬಾಯಿಯವರ ಜೀವಮಾನದಲ್ಲಿ ಅದಕ್ಕೆ ಉತ್ತರ ಸಿಕ್ಕಲಿಲ್ಲ. ನಾವೂ ಅದಕ್ಕೆ ಉತ್ತರವನ್ನು ಕಲ್ಪಿಸಿ ಹೇಳುವದಿಲ್ಲ. ಅವರು ಮಾಡಿದ್ದನ್ನು ಮಾತ್ರ ಹೇಳುವೆವು. ಅವರು ಕರಡಚ್ಚಿನ ಹಾಳೆಗಳನ್ನು ತಿದ್ದುವದನ್ನು ಮುಂದುವರಿಸಿದರು. ಮೈಯಲ್ಲಿ ಶಕ್ತಿ ಇರಲಿಲ್ಲ, ಕಿವಿ ಕೇಳುತ್ತಿರಲಿಲ್ಲ, ಮಗಳು ಇರಲಿಲ್ಲ. ಆದರೂ ಒಂದೊಂದು ಪುಟವನ್ನು ಓದಿ, ತಪ್ಪನ್ನು ತೋರಿಸಿ, ಅಚ್ಚುಕೂಟಕ್ಕೆ ಕಳುಹಿಸಿದರು. ಕಡೆಯ ಕರಡುಗಳ ತಿದ್ದುಪಡಿ ಮುಗಿದ ಸ್ವಲ್ಪ ಕಾಲದಲ್ಲಿಯೇ, 1922ರ ಏಪ್ರಿಲ್ 5ರಂದು, ಅವರು ಕರ್ತನಲ್ಲಿ ನಿದ್ರೆಹೋದರು. ಪೂರ್ಣ ಸತ್ಯವೇದವು ಹೊರಬಂದದ್ದು 1924ರಲ್ಲಿ. ತಮ್ಮ ಜೀವಮಾನದ ಕೆಲಸವು ಪುಸ್ತಕವಾಗಿ ಬಂದದ್ದನ್ನು ಅವರು ಕಣ್ಣಾರೆ ಕಾಣಲಿಲ್ಲ.

ಪ್ರಿಯ ಪೂರ್ವ ವಿದ್ಯಾರ್ಥಿನಿಯರೇ, ನೀವು ಕೇಳುವ ಪ್ರಶ್ನೆಗೆ ಈ ಚರಿತ್ರೆಯು ಪೂರ್ಣವಾದ ಉತ್ತರವನ್ನು ಕೊಡದು. ಆದರೆ ದೇವರಲ್ಲಿ ಭರವಸವಿಡುವದೆಂದರೆ ಏನೆಂಬದನ್ನು ಇದು ತೋರಿಸುವದು. ಕಷ್ಟದ ಅರ್ಥವು ತಿಳಿದ ಮೇಲೆ ನಂಬುವದು ಭರವಸವಲ್ಲ. ಅಚ್ಚಾದ ಪುಟವನ್ನು ಯಾರಾದರೂ ಓದಬಲ್ಲರು. ಅಕ್ಷರಗಳು ಇನ್ನೂ ತಲೆಕೆಳಗಾಗಿರುವಾಗ, ಕೈಗೆ ಬಂದ ಮುಂದಿನ ಮೊಳೆಯನ್ನು ಸರಿಯಾದ ಸ್ಥಾನದಲ್ಲಿ ನಿಲ್ಲಿಸುವದೇ ಭರವಸವು. ಗಂಡನನ್ನು ಕಳೆದುಕೊಂಡವಳು ಮರುದಿನ ಮಕ್ಕಳಿಗೆ ರೊಟ್ಟಿ ಬಡಿದು ಶಾಲೆಗೆ ಕಳುಹಿಸುವದು, ಹಾಸಿಗೆ ಹಿಡಿದವಳು ನೋಡಬಂದವರನ್ನು ತಾನೇ ಸಂತೈಸುವದು, ಇವೂ ಅದೇ ಭರವಸವು. ಇಂಥವರ ಪತ್ರಗಳನ್ನು ಓದುವಾಗ, ಅವರಿಗೆ ನಾವು ಕಲಿಸಿದ್ದಕ್ಕಿಂತಲೂ ಅವರಿಂದ ನಾವು ಕಲಿಯುವದೇ ಹೆಚ್ಚೆಂದು ನಮಗೆ ತೋರುವದು.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಪರೀಕ್ಷೆಯ ಗುಣಗಳಿಗಾಗಿ ನೀವು ಪಡುವ ಕಾಳಜಿಯು ಯೋಗ್ಯವಾದದ್ದೇ. ಆದರೆ ಹೊಲಿಗೆಯ ಅಥವಾ ಕಸೂತಿಯ ತಾಸು ವ್ಯರ್ಥವೆಂದು ಮಾತ್ರ ಎಣಿಸಬೇಡಿರಿ. ಸಾವಿರಾರು ಶ್ಲೋಕ ಬಲ್ಲ ಮನೆಯೊಂದು ಕೈಕಸುಬಿಲ್ಲದೆ ಹಸಿವಿನಿಂದ ಅಳಿಯಿತು. ಅದರಲ್ಲಿ ಉಳಿದ ಒಬ್ಬ ಮಗಳು ಇಡೀ ಒಂದು ಊರಿನಷ್ಟು ಹೆಂಗಸರಿಗೆ ವಿದ್ಯೆಯನ್ನೂ ಕಸುಬನ್ನೂ ಕೂಡಿಸಿ ಕೊಟ್ಟಳು. ಬುದ್ಧಿ, ಕೈ, ಭಕ್ತಿ, ಈ ಮೂರನ್ನೂ ಒಟ್ಟಿಗೆ ಬೆಳೆಸುವದೇ ನಮ್ಮ ಶಾಲೆಯ ಉದ್ದೇಶವಾಗಿದೆ. ಕ್ರೈಸ್ತರಾದವರೂ ಅಲ್ಲದವರೂ ಇದರಲ್ಲಿ ನಮಗೆ ನೆರವಾಗಬಹುದು.

ಕೇಡಗಾವದಲ್ಲಿ ಮುಕ್ತಿ ಮಿಶನ್ನು ಇಂದಿಗೂ ನಿರ್ಗತಿಕರಾದ ಹೆಂಗಸರಿಗೂ ಮಕ್ಕಳಿಗೂ ಆಶ್ರಯವಾಗಿದೆ. 1989ರಲ್ಲಿ ಭಾರತ ಸರಕಾರವು ರಮಾಬಾಯಿಯವರ ಚಿತ್ರವುಳ್ಳ ಅಂಚೆ ಚೀಟಿಯನ್ನು ಹೊರಡಿಸಿ ಅವರನ್ನು ಗೌರವಿಸಿತು. ಹುಬ್ಬಳ್ಳಿ ಧಾರವಾಡಗಳಿಂದ ಪುಣೆಯ ಕಡೆಗೆ ಪ್ರಯಾಣ ಮಾಡುವ ನಮ್ಮ ಹೆಣ್ಣುಮಕ್ಕಳು ಅನುಕೂಲವಾದರೆ ಆ ಸ್ಥಳವನ್ನು ನೋಡಿ ಬರಲಿ. ಆಗದವರು ಮನೆಯಲ್ಲಿಯೇ, ಕೈಯಲ್ಲಿರುವ ಕೆಲಸದ ನಡುವೆ, ಆ ಹೆಸರನ್ನು ಒಮ್ಮೆ ನೆನೆಯಲಿ. ದೇವರು ನಿಮ್ಮೆಲ್ಲರ ಕೈಗಳನ್ನು ಬಲಪಡಿಸಲಿ ಎಂದು ನಮ್ಮ ಪ್ರಾರ್ಥನೆ.